ಕುವೈತ್ ಶಾಲೆಯ ಗೆಳೆಯರನ್ನು ಹುಡುಕಿ ಸೇರುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹುಟ್ಟಿದ್ದು ಮೂಡುಬಿದಿರೆಯಲ್ಲಿ, ಬೆಳೆದದ್ದು ಕುವೈತ್‌ನ ಸಾಲ್ಮಿಯಾದಲ್ಲಿ. 1990ರ ಜೂನ್‌ವರೆಗೆ ಅಲ್ಲಿಯ ಒಂದು ಭಾರತೀಯ ಶಾಲೆಯಲ್ಲಿ ಓದಿದೆ. ಆಗ ಏಳನೇ ತರಗತಿ. ಚದುರಿಹೋದ ಸಹಪಾಠಿಗಳಲ್ಲಿ ಹನ್ನೊಂದು ಮಂದಿ 2013ರಲ್ಲಿ ಮಂಗಳೂರಿನಲ್ಲಿ ಮೊದಲ ಸಲ ಒಂದೇ ಮೇಜಿನ ಸುತ್ತ ಕುಳಿತೆವು. ಆ ಸುದ್ದಿ ಬಾಯಿಂದ ಬಾಯಿಗೆ ಹಬ್ಬಿದ ಮೇಲೆ ಫೋನಿನಲ್ಲಿ, ಪತ್ರದಲ್ಲಿ, ಮದುವೆಮನೆಯ ಊಟದ ಪಂಕ್ತಿಯಲ್ಲಿ ಜನ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಮಸ್ಕತ್, ಬಹರೈನ್, ದುಬೈಯಲ್ಲಿ ಬೆಳೆದವರಿಗೂ ಬಹುಪಾಲು ಅನ್ವಯಿಸಬಹುದು. ಆದರೆ ನಾನು ಬಲ್ಲದ್ದು ಕುವೈತ್, ಅದನ್ನೇ ಬರೆದಿದ್ದೇನೆ.

## ಮೊದಲ ಪ್ರಶ್ನೆಗಳು

ಹಳೆಯ ಶಾಲೆಯ ಗೆಳೆಯರು ಎಲ್ಲರಿಗೂ ಇರುತ್ತಾರೆ. ನಿಮ್ಮದೇನು ಅಷ್ಟು ವಿಶೇಷ?

ಪುತ್ತೂರಿನಲ್ಲಿ ಓದಿದವರಿಗೆ ಗೆಳೆಯ ಸಿಗದಿದ್ದರೂ ಪುತ್ತೂರು ಸಿಗುತ್ತದೆ. ಶಾಲೆಯ ಗೇಟು, ಎದುರಿನ ಹೋಟೆಲು, ಆ ಹೋಟೆಲಿನವರ ಮಗ, ಯಾರಾದರೊಬ್ಬರು ‘ನೀನು ಇಂಥವರ ಮಗನಲ್ಲವೇ’ ಎಂದು ಕೇಳುತ್ತಾರೆ. ಗಲ್ಫ್‌ನಲ್ಲಿ ಬೆಳೆದವರಿಗೆ ಆ ಭಾಗ್ಯವಿಲ್ಲ. ಅಪ್ಪನ ಕೆಲಸ ಮುಗಿದರೆ ವೀಸಾ ಮುಗಿಯಿತು, ವೀಸಾ ಮುಗಿದರೆ ಊರು ಮುಗಿಯಿತು. ನಾವಿದ್ದ ಫ್ಲ್ಯಾಟಿಗೆ ಮರುತಿಂಗಳೇ ಬೇರೆ ಸಂಸಾರ ಬಂದಿರುತ್ತದೆ. ಅಣಬೆಯಾಕಾರದ ನೀರಿನ ಗೋಪುರಗಳ ಪಟ್ಟೆ, ಶಾಲಾ ಬಸ್ಸಿನಲ್ಲಿ ಮಧ್ಯಾಹ್ನ ಸುಡುತ್ತಿದ್ದ ರೆಕ್ಸಿನ್ ಸೀಟು, ಬಕಾಲಾದಿಂದ (ಅಲ್ಲಿಯ ಕಿರಾಣಿ ಅಂಗಡಿ) ತರುತ್ತಿದ್ದ ಬಿಸಿ ಖುಬ್ಬೂಸು ರೊಟ್ಟಿ ಇವೆಲ್ಲ ನಿಜಕ್ಕೂ ಇದ್ದವು ಎಂದು ಹೇಳಲು ನಮಗಿರುವ ಸಾಕ್ಷಿ ಸಹಪಾಠಿಗಳು ಮಾತ್ರ. ಮನೆಯವರಿಗೆ ನೆನಪಿರುವುದು ಬಾಡಿಗೆ ಮತ್ತು ಊರಿಗೆ ಕಳುಹಿಸುತ್ತಿದ್ದ ಬ್ಯಾಂಕ್ ಡ್ರಾಫ್ಟಿನ ಲೆಕ್ಕ.

ಅಷ್ಟೊಂದು ಮಕ್ಕಳು ಒಮ್ಮೆಲೇ ಚದುರಿಹೋದದ್ದು ಹೇಗೆ?

1990ರ ಆಗಸ್ಟ್ 2, ಗುರುವಾರ ನಸುಕಿನಲ್ಲಿ ಇರಾಕಿನ ಸೇನೆ ಕುವೈತ್‌ಗೆ ನುಗ್ಗಿತು. ಆಗ ಅಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಭಾರತೀಯರಿದ್ದರು. ಶಾಲೆಗಳಿಗೆ ಬೇಸಿಗೆ ರಜೆಯಾದ್ದರಿಂದ ಮಕ್ಕಳ ಒಂದು ದೊಡ್ಡ ಪಾಲು ಅಮ್ಮಂದಿರ ಜೊತೆ ಭಾರತದಲ್ಲಿತ್ತು. ಜೂನ್‌ನಲ್ಲಿ ‘ಸೆಪ್ಟೆಂಬರ್‌ನಲ್ಲಿ ಸಿಗೋಣ’ ಎಂದು ಬಸ್ಸಿನಿಂದ ಇಳಿದವರು ಮತ್ತೆ ಆ ಬಸ್ಸು ಹತ್ತಲೇ ಇಲ್ಲ.

ಅಲ್ಲೇ ಉಳಿದಿದ್ದವರ ದಾರಿ ಬೇರೆ. ಬಸ್ಸು, ಲಾರಿ, ಸ್ವಂತ ಕಾರು ಹೀಗೆ ಸಿಕ್ಕಿದ್ದನ್ನು ಹಿಡಿದು ಬಸ್ರಾ, ಬಾಗ್ದಾದ್ ಮಾರ್ಗವಾಗಿ ಜೋರ್ಡಾನಿನ ಗಡಿಗೆ ಬಂದು, ರುವೈಶಿದ್ ಬಳಿಯ ಮರುಭೂಮಿ ಡೇರೆಗಳಲ್ಲಿ ಕಾದು, ಅಮ್ಮಾನ್ ತಲುಪಿದರು. ಅಲ್ಲಿಂದ ಏರ್ ಇಂಡಿಯಾ ವಿಮಾನಗಳು ಆಗಸ್ಟ್ 13ರಿಂದ ಅಕ್ಟೋಬರ್ 11ರವರೆಗೆ 488 ಬಾರಿ ಹಾರಿ ಒಂದು ಲಕ್ಷ ಹನ್ನೊಂದು ಸಾವಿರಕ್ಕೂ ಹೆಚ್ಚು ಜನರನ್ನು ಕರೆತಂದವು. ನನ್ನ ಅಪ್ಪ ಸೆಪ್ಟೆಂಬರ್‌ನಲ್ಲಿ ಬೊಂಬಾಯಿಗೆ ಬಂದಿಳಿದಾಗ ಕೈಯಲ್ಲಿ ಒಂದು ರೆಕ್ಸಿನ್ ಚೀಲ, ಅದರಲ್ಲಿ ಎರಡು ಅಂಗಿ ಮತ್ತು ನನ್ನ ಆರನೇ ತರಗತಿಯ ಅಂಕಪಟ್ಟಿ ಇತ್ತು. ಅಷ್ಟೆಲ್ಲ ಸಾಮಾನಿನಲ್ಲಿ ಅದನ್ನೇ ಏಕೆ ತಂದಿರಿ ಎಂದು ಕೇಳಿದರೆ ಈಗಲೂ ‘ಮೇಜಿನ ಮೇಲಿತ್ತು’ ಎನ್ನುತ್ತಾರೆ.

1991ರ ಫೆಬ್ರುವರಿ 26ಕ್ಕೆ ಕುವೈತ್ ಬಿಡುಗಡೆಯಾಯಿತು. ಕೆಲವು ಸಂಸಾರಗಳು ಮರಳಿದವು. ಅನೇಕರು ಮರಳಲಿಲ್ಲ, ಕೆಲವರು ಕೆನಡಾ, ಆಸ್ಟ್ರೇಲಿಯಾದ ಕಡೆ ಹೊರಟರು. ಒಂದೇ ತರಗತಿ ಒಂದು ವರ್ಷದೊಳಗೆ ಐದು ದೇಶಗಳ ಪಾಲಾಯಿತು.

ನಾನು ಮೂರನೇ ತರಗತಿಯಲ್ಲೇ ಊರಿಗೆ ಬಂದುಬಿಟ್ಟೆ. ನನ್ನನ್ನು ಯಾರು ನೆನಪಿಟ್ಟಿರುತ್ತಾರೆ?

ಹೆಸರು ನೆನಪಿರಲಾರದು, ಆದರೆ ನೀವು ನೆನಪಿರುತ್ತೀರಿ. ನಮ್ಮಲ್ಲಿ ಒಬ್ಬಳನ್ನು ಎಲ್ಲರೂ ಗುರುತು ಹಿಡಿದದ್ದು ‘ಟಿಫಿನ್ನಿನಲ್ಲಿ ನೀರುದೋಸೆ ತರುತ್ತಿದ್ದವಳು’ ಎಂದು. ಅವಳಿದ್ದದ್ದು ಒಂದೂವರೆ ವರ್ಷ ಮಾತ್ರ. ಆದ್ದರಿಂದ ಪರಿಚಯ ಹೇಳಿಕೊಳ್ಳುವಾಗ ಈಗಿನ ಹುದ್ದೆಯನ್ನು ಪಕ್ಕಕ್ಕಿಟ್ಟು ಬಸ್ಸಿನ ಸಂಖ್ಯೆ, ಕೂರುತ್ತಿದ್ದ ಬೆಂಚು, ತರುತ್ತಿದ್ದ ಬುತ್ತಿ ಇಂಥವನ್ನು ಹೇಳಿ.

ಮೂವತ್ತೈದು ವರ್ಷ ಕಳೆದವು. ತಡವಾಗಲಿಲ್ಲವೇ?

ಗೆಳೆಯರಿಗೆ ತಡವಾಗಿಲ್ಲ, ಟೀಚರುಗಳಿಗೆ ಆಗುತ್ತಿದೆ. ಅಂದು ನಲವತ್ತರ ಆಸುಪಾಸಿನಲ್ಲಿದ್ದವರಿಗೆ ಈಗ ಎಪ್ಪತ್ತೈದು ದಾಟಿದೆ. ಹುಡುಕುವುದಾದರೆ ಅವರಿಂದಲೇ ಆರಂಭಿಸಿ.

## ಹುಡುಕಾಟ

ನನಗೆ ಯಾರ ಹೆಸರೂ ಪೂರ್ತಿ ನೆನಪಿಲ್ಲ. ಎಲ್ಲಿಂದ ಶುರು ಮಾಡಲಿ?

ಮೊಬೈಲ್ ಕೆಳಗಿಟ್ಟು ಅಟ್ಟ ಹತ್ತಿ. ಗಲ್ಫ್‌ನಿಂದ ಬಂದ ಮನೆಗಳಲ್ಲಿ ಒಂದಾದರೂ ನಿಡೋ ಹಾಲಿನಪುಡಿಯ ಡಬ್ಬಿ ಅಥವಾ ಕ್ವಾಲಿಟಿ ಸ್ಟ್ರೀಟ್ ಮಿಠಾಯಿಯ ತಗಡಿನ ಡಬ್ಬಿ ಇದ್ದೇ ಇರುತ್ತದೆ. ಒಂದರಲ್ಲಿ ಅಕ್ಕಿ, ಇನ್ನೊಂದರಲ್ಲಿ ಕಾಗದಪತ್ರ. ಹುಡುಕಬೇಕಾದದ್ದು ಇವು: ತರಗತಿಯ ಗುಂಪು ಫೋಟೊ, ಆಟೋಗ್ರಾಫ್ ಪುಸ್ತಕ, ಹುಟ್ಟುಹಬ್ಬದ ಫೋಟೊಗಳು. ಫೋಟೊಗಳ ಹಿಂಬದಿಯನ್ನು ಮರೆಯದೆ ನೋಡಿ, ಅಮ್ಮಂದಿರು ಅಲ್ಲಿ ಹೆಸರು ಬರೆದಿಡುತ್ತಿದ್ದರು. ಅಮ್ಮನ ಹಳೆಯ ಪಾಸ್‌ಪೋರ್ಟ್ ಸಿಕ್ಕರೆ ಇನ್ನೂ ಒಳ್ಳೆಯದು. ಆ ಕಾಲದಲ್ಲಿ ಚಿಕ್ಕ ಮಕ್ಕಳ ಹೆಸರು ತಾಯಿಯ ಪಾಸ್‌ಪೋರ್ಟಿನಲ್ಲೇ ಸೇರುತ್ತಿತ್ತು. ನೀವು ಯಾವ ವರ್ಷ ಹೋದಿರಿ, ಯಾವಾಗ ಬಂದಿರಿ ಎಂಬುದನ್ನು ಅದರ ಮುದ್ರೆಗಳು ಹೇಳುತ್ತವೆ. ನಾನು ಮೂರನೇ ತರಗತಿಗೆ ಸೇರಿದೆ ಎಂದು ನಂಬಿದ್ದೆ, ಮುದ್ರೆ ನೋಡಿದರೆ ಒಂದನೆಯದು.

ಇನ್ನೊಂದು ಗಣಿ ಇದೆ, ಅದು ಯಾರಿಗೂ ಹೊಳೆಯುವುದಿಲ್ಲ. ಯುದ್ಧದ ನಷ್ಟಕ್ಕೆ ಪರಿಹಾರ ಕೊಡಲು ವಿಶ್ವಸಂಸ್ಥೆ 1991ರಲ್ಲಿ ಒಂದು ಆಯೋಗವನ್ನು ರಚಿಸಿತು. ಊರಿಗೆ ಮರಳಿದ ಅಪ್ಪಂದಿರು ಕುವೈತ್‌ನ ಮನೆ, ಕೆಲಸ, ಸಾಮಾನಿನ ವಿವರ ತುಂಬಿ ಅದಕ್ಕೆ ಅರ್ಜಿ ಹಾಕಿದ್ದರು. ಆ ಕಡತದ ನಕಲು ಇನ್ನೂ ಇರುವ ಮನೆಗಳಿವೆ. ನನ್ನ ಅಪ್ಪನ ಕಡತದಲ್ಲಿ ಎದುರು ಫ್ಲ್ಯಾಟಿನವರು ಕೇರಳದಿಂದ ಬರೆದ ಎರಡು ಇನ್‌ಲ್ಯಾಂಡ್ ಪತ್ರಗಳಿದ್ದವು: ‘ನಿಮ್ಮ ಫ್ರಿಜ್ಜು ಹೊಸದಾಗಿತ್ತು ಎಂದು ನಾನು ಬರೆಯುತ್ತೇನೆ, ನಮ್ಮ ಸೋಫಾದ ಬಗ್ಗೆ ನೀವು ಬರೆಯಿರಿ’ ಎಂದು. ಹಿಂಬದಿಯಲ್ಲಿ ಪೂರ್ತಿ ವಿಳಾಸ. ಆ ಮನೆಯ ಹುಡುಗ ನನ್ನ ಪಕ್ಕದ ಬೆಂಚಿನವನು. ಮೊದಲು ಸಿಕ್ಕವನು ಅವನೇ.

ಹೆಸರು ಗೊತ್ತು, ಆದರೆ ಫೇಸ್‌ಬುಕ್‌ನಲ್ಲಿ ಆ ಹೆಸರಿನವರು ನೂರಾರು ಮಂದಿ ಇದ್ದಾರೆ. ಏನು ಮಾಡಲಿ?

ಡಿಸೋಜ, ಶೆಟ್ಟಿ, ಥಾಮಸ್, ಶೇಖ್ ಎಂದು ಹುಡುಕಿದರೆ ಸಮುದ್ರಕ್ಕೆ ಬಲೆ ಬೀಸಿದಂತೆ. ಎರಡು ದಾರಿಗಳಿವೆ.

ಒಂದು, ಅಪರೂಪದ ಹೆಸರಿನವರಿಂದ ಆರಂಭಿಸುವುದು. ಪ್ರತಿ ತರಗತಿಯಲ್ಲೂ ಮತ್ತೆಲ್ಲೂ ಕೇಳದ ಹೆಸರಿನವರು ಒಬ್ಬರೋ ಇಬ್ಬರೋ ಇರುತ್ತಾರೆ. ಅವರು ಸಿಕ್ಕರೆ ಅವರ ಮೂಲಕ ಉಳಿದವರು. ಅಣ್ಣ, ತಮ್ಮ, ಅಕ್ಕಂದಿರ ಹೆಸರನ್ನೂ ಹಾಕಿ ನೋಡಿ. ಒಂದೇ ಬಸ್ಸಿನಲ್ಲಿ ಬರುತ್ತಿದ್ದ ಮೂವರು ಒಡಹುಟ್ಟಿದವರಲ್ಲಿ ಒಬ್ಬರಾದರೂ ಅಂತರ್ಜಾಲದಲ್ಲಿ ಇರುತ್ತಾರೆ.

ಎರಡನೆಯದು ಊರಿನ ದಾರಿ, ನನಗೆ ಹೆಚ್ಚು ಫಲ ಕೊಟ್ಟದ್ದು ಇದೇ. ಕರಾವಳಿಯ ಕ್ಯಾಥೊಲಿಕ್ ಗೆಳೆಯನಾದರೆ ಯಾವ ಇಗರ್ಜಿ ಎಂದು ತಿಳಿದರೆ ಸಾಕು, ಅದರ ವಾಳೆಯ (ಇಗರ್ಜಿಯ ವಾರ್ಡು) ಮುಖಂಡರಾದ ಗುರ್ಕಾರರಿಗೆ ಮೂರು ತಲೆಮಾರಿನ ಲೆಕ್ಕ ಗೊತ್ತಿರುತ್ತದೆ. ಬಂಟರ ಮನೆಯಾದರೆ ಗುತ್ತಿನ (ಮನೆತನದ ಮೂಲ ಮನೆ) ಹೆಸರು, ಭಟ್ಕಳದ ಮುಸ್ಲಿಮರಾದರೆ ಅವರ ಜಮಾತ್. ಕುವೈತ್ ಕನ್ನಡ ಕೂಟ, ತುಳುಕೂಟಗಳಲ್ಲಿ ದಶಕಗಳಿಂದ ಅಲ್ಲೇ ಇರುವ ಹಿರಿಯರು ಸಿಗುತ್ತಾರೆ. ‘ಅಪ್ಪ ಇಂಥ ಕಂಪನಿಯಲ್ಲಿ ಸ್ಟೋರ್‌ಕೀಪರ್ ಆಗಿದ್ದರು’ ಎಂದರೆ ಅವರಿಗೆ ಹೊಳೆಯುತ್ತದೆ. ಇನ್ನೊಂದನ್ನು ಹೇಳಲು ತುಸು ಸಂಕೋಚ, ಆದರೂ ಹೇಳುತ್ತೇನೆ: ಪತ್ರಿಕೆಗಳ ನಿಧನ ವಾರ್ತೆ. ಅಪ್ಪನ ಹೆಸರು ಹಾಕಿ ಹುಡುಕಿದರೆ ಮಕ್ಕಳ ಹೆಸರು, ಅಳಿಯಂದಿರ ಹೆಸರು, ಅವರೀಗ ಇರುವ ದೇಶ ಎಲ್ಲವೂ ನಾಲ್ಕು ಸಾಲಿನಲ್ಲಿ ಸಿಗುತ್ತದೆ. ನಾವು ಮೂವರನ್ನು ಹುಡುಕಿದ್ದು ಹೀಗೆಯೇ. ಅಂಥವರಿಗೆ ಬರೆಯುವ ಮೊದಲ ಸಾಲು ಮಾತ್ರ ಅಪ್ಪನ ಬಗ್ಗೆ ಇರಲಿ.

ಹುಡುಗಿಯರನ್ನು ಹುಡುಕುವುದು ಏಕೆ ಇಷ್ಟು ಕಷ್ಟ?

ಮದುವೆಯ ನಂತರ ಎರಡನೆಯ ಹೆಸರು ಬದಲಾಗಿರುತ್ತದೆ, ಕೆಲವೆಡೆ ಮೊದಲನೆಯದೂ. ಖಾತೆಯಲ್ಲಿ ಹೂವಿನ ಚಿತ್ರ ಅಥವಾ ಮಗುವಿನ ಮುಖ. ಅವರನ್ನು ಹುಡುಕಲು ಅವರ ಅಣ್ಣತಮ್ಮಂದಿರೇ ಹಾದಿ, ಇಲ್ಲವಾದರೆ ಅಂದಿನ ಜೀವದ ಗೆಳತಿ. ಗಂಡಸರು ಗಮನಿಸಬೇಕಾದದ್ದೊಂದಿದೆ: ನೇರವಾಗಿ ಅವರ ಸಂಖ್ಯೆ ಕೇಳುವ ಬದಲು ನಿಮ್ಮ ಸಂಖ್ಯೆಯನ್ನು ಮನೆಯವರ ಕೈಗೆ ಕೊಟ್ಟು ಬನ್ನಿ. ಕರೆಯಬೇಕೋ ಬೇಡವೋ ಎಂಬುದು ಅವರಿಗೆ ಬಿಟ್ಟದ್ದು.

ಸಂದೇಶ ಕಳುಹಿಸಿ ಎರಡು ತಿಂಗಳಾಯಿತು, ಉತ್ತರವೇ ಇಲ್ಲ. ನನ್ನನ್ನು ಮರೆತರೇ?

ಅವರು ನೋಡಿಯೇ ಇಲ್ಲದಿರಬಹುದು. ಅಪರಿಚಿತರ ಸಂದೇಶ ಫೇಸ್‌ಬುಕ್‌ನಲ್ಲಿ ಬೇರೊಂದು ಮೂಲೆಗೆ ಹೋಗಿ ಬೀಳುತ್ತದೆ. ನನಗೆ ಬಂದ ಒಂದು ಸಂದೇಶವನ್ನು ನಾನೇ ನಾಲ್ಕು ವರ್ಷ ತಡವಾಗಿ ಓದಿದೆ. ‘ಹಾಯ್, ಗುರುತು ಸಿಕ್ಕಿತೇ?’ ಎಂದು ಬರೆದರೆ ಯಾರೂ ನಂಬುವುದಿಲ್ಲ, ಮೋಸಗಾರರೂ ಹಾಗೆಯೇ ಬರೆಯುತ್ತಾರೆ. ನಿಮ್ಮ ಪೂರ್ಣ ಹೆಸರು, ಶಾಲೆ, ತರಗತಿ, ವಿಭಾಗ, ವರ್ಷ, ಜೊತೆಗೆ ಇಬ್ಬರಿಗಷ್ಟೇ ಗೊತ್ತಿರುವ ಒಂದು ಸಂಗತಿ, ಜೊತೆಗೆ ಗುಂಪು ಫೋಟೊ. ಎರಡು ಸಲ ಬರೆಯಿರಿ. ಎರಡನ್ನೂ ಓದಿದ ಮೇಲೆಯೂ ಮೌನವಾಗಿದ್ದರೆ ಅದೇ ಉತ್ತರ. ಕೆಲವರಿಗೆ ಆ ವರ್ಷಗಳನ್ನು ಮತ್ತೆ ತೆರೆಯುವುದು ಬೇಡ. ಏಕೆಂದು ಕೇಳುವ ಹಕ್ಕು ನಮಗಿಲ್ಲ.

ಆರ್ಕುಟ್‌ನಲ್ಲಿ ನಮ್ಮ ಶಾಲೆಯ ಸಮುದಾಯವಿತ್ತು. ಅದು ಸಿಗುತ್ತದೆಯೇ?

ಇಲ್ಲ. ಆರ್ಕುಟ್ 2014ರ ಸೆಪ್ಟೆಂಬರ್‌ನಲ್ಲಿ ಮುಚ್ಚಿತು. ಆದರೆ ಆ ಸಮುದಾಯ ನಡೆಸುತ್ತಿದ್ದವರು ಬಹುತೇಕ ವಾಟ್ಸ್‌ಆ್ಯಪ್ ಗುಂಪಿಗೆ ಬಂದಿದ್ದಾರೆ. ನಿಮ್ಮ ತರಗತಿಯದು ಸಿಗದಿದ್ದರೆ ನಿಮಗಿಂತ ಎರಡು ವರ್ಷ ಹಿರಿಯರ ಗುಂಪನ್ನು ವಿಚಾರಿಸಿ.

ಶಾಲೆಗೆ ಬರೆದರೆ ಹಳೆಯ ವಿದ್ಯಾರ್ಥಿಗಳ ವಿಳಾಸ ಕೊಡುತ್ತಾರೆಯೇ? ನನ್ನ ಟಿ.ಸಿ. ಕೂಡ ಬೇಕಿತ್ತು.

ವಿಳಾಸ ಕೊಡುವುದಿಲ್ಲ, ಕೊಡಬಾರದು ಕೂಡ. ಕೊಟ್ಟರೂ ಅದು 1990ರ ವಿಳಾಸ. ಆ ಕಟ್ಟಡವೇ ಇಲ್ಲದಿರಬಹುದು. ಸಿಬಿಎಸ್‌ಇ ಹತ್ತು ಅಥವಾ ಹನ್ನೆರಡನೇ ತರಗತಿಯ ಅಂಕಪಟ್ಟಿ ಕಳೆದಿದ್ದರೆ ಮಂಡಳಿಯಿಂದ ನಕಲು ಪಡೆಯುವ ಕ್ರಮವಿದೆ. ಕೆಳಗಿನ ತರಗತಿಗಳ ದಾಖಲೆ ಇದ್ದರೆ ಶಾಲೆಯಲ್ಲಿ ಮಾತ್ರ, ಮತ್ತು ಇರಾಕಿನ ವಶದಲ್ಲಿದ್ದ ಆ ಏಳು ತಿಂಗಳಲ್ಲಿ ಕುವೈತ್‌ನಲ್ಲಿ ಕಾಗದಕ್ಕಿಂತ ದೊಡ್ಡ ವಸ್ತುಗಳೇ ಮಾಯವಾದವು. ನಾನು ಟಿ.ಸಿ. ಇಲ್ಲದೆಯೇ ಇಲ್ಲಿ ಶಾಲೆ ಸೇರಿದೆ. ಮುಖ್ಯೋಪಾಧ್ಯಾಯರು ಅಪ್ಪ ತಂದ ಆ ಅಂಕಪಟ್ಟಿಯನ್ನು ಒಮ್ಮೆ ನೋಡಿ, ‘ಮಗುವಿಗೆ ಕನ್ನಡ ಬರುತ್ತದೆಯೇ?’ ಎಂದಷ್ಟೇ ಕೇಳಿದರು. ಮಾತು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಅಕ್ಷರ ಕಲಿತದ್ದು ಮಂಗಳೂರಿನ ಸ್ಟೇಟ್‌ಬ್ಯಾಂಕ್ ನಿಲ್ದಾಣದಲ್ಲಿ, ಬಸ್ಸುಗಳ ಬೋರ್ಡು ಓದಿ.

ಗುಂಪಿಗೆ ಸೇರಲು ಬಂದವರು ನಿಜಕ್ಕೂ ನಮ್ಮವರೇ ಎಂದು ತಿಳಿಯುವುದು ಹೇಗೆ?

ಒಂದು ಪ್ರಶ್ನೆ ಕೇಳಿ: ‘ಬಸ್ಸಿನ ಆಯಾ ನಮ್ಮನ್ನು ಏನೆಂದು ಬೈಯುತ್ತಿದ್ದರು?’ ಮೋಸಗಾರನಿಗೆ ಅದು ಗೊತ್ತಿರಲು ಸಾಧ್ಯವಿಲ್ಲ. ನಮ್ಮ ಗುಂಪಿನಲ್ಲಿ ಮೂರು ಕಟ್ಟುನಿಟ್ಟುಗಳಿವೆ. ಜನ್ಮದಿನಾಂಕ, ಗುರುತಿನ ಚೀಟಿಗಳ ಚಿತ್ರ ಹಾಕಬಾರದು. ಹಳೆಯ ಫೋಟೊವನ್ನು ಅದರಲ್ಲಿರುವವರನ್ನು ಕೇಳದೆ ಹೊರಗೆ ಹಂಚಬಾರದು. ಗುಂಪಿನೊಳಗೆ ಯಾರೂ ಯಾರಿಂದಲೂ ಸಾಲ ಕೇಳಬಾರದು, ವಿಮೆ, ನಿವೇಶನ, ‘ಒಳ್ಳೆಯ ಸ್ಕೀಮು’ ಮಾರಬಾರದು. ಮೂರನೆಯದನ್ನು ಮೊದಲ ದಿನವೇ ಬರೆದುಹಾಕಿ. ನಾವು ತಡಮಾಡಿದೆವು, ಒಳ್ಳೆಯ ಇಬ್ಬರು ಗುಂಪು ಬಿಟ್ಟರು.

## ಸೇರುವುದು

ಎಲ್ಲಿ ಸೇರೋಣ, ಯಾವಾಗ ಸೇರೋಣ ಎಂಬುದರಲ್ಲೇ ಒಂದು ವರ್ಷ ಹೋಯಿತು. ನೀವೇನು ಮಾಡಿದಿರಿ?

ಮತ ಹಾಕಿಸಬೇಡಿ. ಇಪ್ಪತ್ತು ಜನರಿಗೆ ಒಪ್ಪುವ ದಿನ ಪಂಚಾಂಗದಲ್ಲಿಲ್ಲ. ಇಬ್ಬರು ಕುಳಿತು ದಿನ, ಊರು ನಿಗದಿ ಮಾಡಿ ಆರು ತಿಂಗಳು ಮೊದಲೇ ತಿಳಿಸಿ, ಬರುವವರು ಬರುತ್ತಾರೆ.

ಡಿಸೆಂಬರ್ ಕೊನೆಯ ವಾರ ಎಲ್ಲರೂ ಊರಿನಲ್ಲಿರುತ್ತಾರೆ ನಿಜ. ಆದರೆ ವಿಮಾನದ ದರ ಆಕಾಶದಲ್ಲಿ, ಕ್ರೈಸ್ತರ ಮನೆಗಳಲ್ಲಿ ಮದುವೆಯ ಮೇಲೆ ಮದುವೆ. ನನ್ನ ಆಯ್ಕೆ ಜುಲೈ ಕೊನೆ. ಗಲ್ಫ್‌ನ ಶಾಲೆಗಳಿಗೂ ಕೆನಡಾದ ಶಾಲೆಗಳಿಗೂ ಆಗ ರಜೆ. ಮಂಗಳೂರಿನಲ್ಲಿ ಆಷಾಢದ ಮಳೆ ಸುರಿಯುತ್ತದೆ ಎಂದು ಗೊಣಗುವವರಿಗೆ ನಾನು ಹೇಳುವುದಿಷ್ಟೇ: ಮಳೆ ಬಂದರೆ ಟೀಚರು ಪಾಠ ನಿಲ್ಲಿಸಿ ಕಿಟಕಿಯ ಬಳಿ ಬಿಡುತ್ತಿದ್ದ ಶಾಲೆಯಲ್ಲಿ ಓದಿದವರು ನಾವು, ನೆನೆದರೆ ನೆನೆಯೋಣ. ಊರನ್ನು ಆರಿಸುವಾಗ ತರಗತಿಯಲ್ಲಿ ಹೆಚ್ಚು ಮಂದಿ ಯಾರು ಎಂದು ನೋಡಿ. ಕೇರಳದವರು ಹೆಚ್ಚಿದ್ದರೆ ಕೊಚ್ಚಿ, ಗಲ್ಫ್‌ನಲ್ಲೇ ಉಳಿದವರು ಹೆಚ್ಚಿದ್ದರೆ ದುಬೈ.

ಹೊರದೇಶದವರಿಗಾಗಿ ವಿಡಿಯೊ ಕರೆಯಲ್ಲಿ ಸೇರುವುದಾದರೆ ಯಾವ ಹೊತ್ತು ಸರಿ?

ಶನಿವಾರ ಭಾರತದ ಸಂಜೆ 5 ಗಂಟೆ. ಜುಲೈಯಲ್ಲಿ ಆಗ ಕುವೈತ್‌ನಲ್ಲಿ ಮಧ್ಯಾಹ್ನ 2.30, ಟೊರಾಂಟೊದಲ್ಲಿ ಬೆಳಿಗ್ಗೆ 7.30, ಸಿಡ್ನಿಯಲ್ಲಿ ರಾತ್ರಿ 9.30. ಯಾರೂ ಅಲಾರಂ ಇಟ್ಟು ಏಳಬೇಕಿಲ್ಲ, ಟೊರಾಂಟೊದವರು ತಲೆ ಬಾಚದೆ ಬರುತ್ತಾರೆ ಅಷ್ಟೇ. ನಾವು ಓದುವಾಗ ಅಲ್ಲಿ ವಾರದ ರಜೆ ಗುರುವಾರ, ಶುಕ್ರವಾರ. 2007ರಿಂದ ಶುಕ್ರವಾರ, ಶನಿವಾರ. ಹಾಗಾಗಿ ಭಾನುವಾರ ಇಡಬೇಡಿ, ಕುವೈತ್‌ನವರು ಕಚೇರಿಯಲ್ಲಿರುತ್ತಾರೆ.

ಖರ್ಚನ್ನು ಹಂಚಿಕೊಳ್ಳುವುದು ಹೇಗೆ?

ಊಟದ ಖರ್ಚು ಸಮಪಾಲು, ವಸತಿ ಅವರವರದು. ರೆಸಾರ್ಟ್ ಬೇಡ. ಶ್ರೀಮಂತನಾದ ಒಬ್ಬ ‘ಎಲ್ಲವೂ ನನ್ನದೇ ಇರಲಿ’ ಎಂದು ಮುಂದೆ ಬರುತ್ತಾನೆ, ಪ್ರೀತಿಯಿಂದಲೇ ಬರುತ್ತಾನೆ. ಅವನಿಂದ ಐಸ್‌ಕ್ರೀಮ್ ಮಾತ್ರ ಕೊಡಿಸಿಕೊಳ್ಳಿ.

ಹೆಂಡತಿ, ಗಂಡ, ಮಕ್ಕಳನ್ನು ಕರೆದುಕೊಂಡು ಹೋಗಬಹುದೇ?

ಮೊದಲ ಸಲ ಬೇಡ. ಪಾಪ, ಅವರು ಏನು ಮಾಡಬೇಕು? ನಗುವ ಪ್ರತಿ ಮಾತಿಗೂ ವಿವರಣೆ ಕೇಳಬೇಕು. ಎರಡನೆಯ ಸಲ ಕರೆದುಕೊಂಡು ಹೋಗಿ, ಅಷ್ಟರಲ್ಲಿ ಕಥೆಗಳೆಲ್ಲ ಅವರಿಗೆ ಬಾಯಿಪಾಠವಾಗಿರುತ್ತವೆ.

ಹನ್ನೆರಡನೇ ವಯಸ್ಸಿನಲ್ಲಿ ಬಿಟ್ಟವರ ಜೊತೆ ಈಗ ಏನು ಮಾತಾಡುವುದು? ಭಾಷೆ ಯಾವುದು?

ಮೊದಲ ಅರ್ಧ ಗಂಟೆ ನಿಜಕ್ಕೂ ಮುಜುಗರ. ಬೊಜ್ಜು, ಬೋಳು, ಕನ್ನಡಕ ನೋಡಿ ಒಬ್ಬರನ್ನೊಬ್ಬರು ಅಳೆಯುವುದೇ ಆಗುತ್ತದೆ. ಭಾಷೆ ನಮ್ಮದು ಅಂದಿನ ಕಲಬೆರಕೆಯೇ: ಇಂಗ್ಲಿಷ್, ಬೊಂಬಾಯಿ ಹಿಂದಿ, ಬೈಯಲು ಮಲಯಾಳ, ಅವಸರಕ್ಕೆ ‘ಯಲ್ಲಾ’, ಮುಗಿಯಿತು ಎನ್ನಲು ‘ಖಲಾಸ್’. ತುಳು ಬರುವ ಇಬ್ಬರು ತುಳು ಶುರು ಮಾಡಿದರೆ ಉಳಿದವರು ಅಂದಿನಂತೆಯೇ ರೇಗುತ್ತಾರೆ.

ವಸ್ತು ತಂದರೆ ಮಾತು ತಾನಾಗಿ ಬರುತ್ತದೆ. 2013ರಲ್ಲಿ ಒಬ್ಬ ಕಂದು ಬಣ್ಣದ ಕಾಲು ದಿನಾರಿನ ಹಳೆಯ ನೋಟು ತಂದಿದ್ದ, ಅದೀಗ ಚಲಾವಣೆಯಲ್ಲಿಲ್ಲ. ಅದರಲ್ಲಿ ಏನೇನು ಕೊಳ್ಳಬಹುದಿತ್ತು ಎಂಬ ಜಗಳ ಮುಕ್ಕಾಲು ಗಂಟೆ ನಡೆಯಿತು. ಇನ್ನೊಬ್ಬ ಉಡುಪಿಯವನು, ನಮ್ಮ ಆರನೇ ತರಗತಿಯ ಗುಂಪು ಫೋಟೊ ತಂದಿದ್ದ. ಮೂರನೇ ಸಾಲಿನಲ್ಲಿ, ಎಡದಿಂದ ಐದನೆಯ ಜಾಗದಲ್ಲಿ ಒಂದು ಚೌಕ ತೂತು. ಅದು ಅವನದೇ ಮುಖ. ಊರಿಗೆ ಬಂದ ವಾರವೇ ಶಾಲೆಯ ಅರ್ಜಿಗೆ ಫೋಟೊ ಬೇಕಾಯಿತು, ಸ್ಟುಡಿಯೋಗೆ ಹೋಗಲು ದುಡ್ಡು ಖರ್ಚು ಮಾಡುವ ಸ್ಥಿತಿ ಮನೆಯಲ್ಲಿರಲಿಲ್ಲ, ಅಮ್ಮ ಕತ್ತರಿ ತೆಗೆದುಕೊಂಡು ಕತ್ತರಿಸಿ ಅಂಟಿಸಿಬಿಟ್ಟರು. ಇಪ್ಪತ್ಮೂರು ವರ್ಷ ಅವನು ಆ ತರಗತಿಯಲ್ಲಿ ತಾನೊಬ್ಬನೇ ಇಲ್ಲದ ಫೋಟೊವನ್ನು ಇಟ್ಟುಕೊಂಡಿದ್ದ. ನನ್ನ ಬಳಿ ಪೂರ್ತಿ ಪ್ರತಿಯಿತ್ತು. ಎರಡನ್ನೂ ಮೇಜಿನ ಮೇಲೆ ಒಂದರ ಕೆಳಗೊಂದು ಇಟ್ಟು ತೂತಿನೊಳಗೆ ಅವನ ಮುಖ ಸರಿಯಾಗಿ ಕೂರುವಂತೆ ಸರಿಸಿದ. ‘ನನ್ನ ಟೈ ಸೊಟ್ಟಗಿದೆ’ ಎಂದ. ಅಷ್ಟೇ ಅವನು ಹೇಳಿದ್ದು.

## ಕಷ್ಟದ ಪ್ರಶ್ನೆಗಳು

ಆ ಆಗಸ್ಟ್‌ನಲ್ಲಿ ನಾನು ಅಜ್ಜಿಮನೆಯಲ್ಲಿದ್ದೆ. ಅಲ್ಲೇ ಸಿಕ್ಕಿಹಾಕಿಕೊಂಡವರ ಎದುರು ಬಾಯಿ ಬಿಡಲು ಸಂಕೋಚವಾಗುತ್ತದೆ.

ನನಗೂ ಆಗುತ್ತಿತ್ತು. ಅವರು ಗುಂಡಿನ ಸದ್ದು ಕೇಳಿದವರು, ರೊಟ್ಟಿಗೆ ಸಾಲು ನಿಂತವರು, ಡೇರೆಯಲ್ಲಿ ಮಲಗಿದವರು. ನಾನು ಮೂಡುಬಿದಿರೆಯಲ್ಲಿ ಹಲಸಿನ ಹಪ್ಪಳ ತಿನ್ನುತ್ತಿದ್ದೆ. ಆದರೆ ಕೂಟದಲ್ಲಿ ಒಬ್ಬಳು ನನ್ನನ್ನೇ ತಿರುಗಿ ಕೇಳಿದಳು: ‘ನಾವು ಅಪ್ಪ ಅಮ್ಮನ ಜೊತೆಯಲ್ಲೇ ಇದ್ದೆವು. ನಿನಗೆ ಅಪ್ಪ ಬದುಕಿದ್ದಾರೆ ಎಂದು ಗೊತ್ತಾಗಲು ಎಷ್ಟು ದಿನ ಬೇಕಾಯಿತು?’ ನಲವತ್ತೊಂದು ದಿನ. ಅಷ್ಟೂ ದಿನ ಅಮ್ಮ ರೇಡಿಯೊದ ಬಳಿಯಿಂದ ಎದ್ದಿರಲಿಲ್ಲ. ಯಾರ ಕಷ್ಟ ದೊಡ್ಡದು ಎಂಬ ಲೆಕ್ಕ ಅಲ್ಲಿಗೆ ನಿಂತಿತು.

ಎಚ್ಚರಿಕೆಯ ಮಾತೊಂದಿದೆ. ದಾರಿಯಲ್ಲಿ ಆದದ್ದನ್ನು ಕೆಲವರು ಯಾರೊಡನೆಯೂ ಹೇಳಿಲ್ಲ. ಕೂಟದಲ್ಲಿ ‘ಗಡಿಯಲ್ಲಿ ಏನಾಯಿತು ಹೇಳು’ ಎಂದು ಸುತ್ತ ಕುಳಿತು ಒತ್ತಾಯಿಸಬೇಡಿ. ಹೇಳಬೇಕೆನಿಸಿದವರು ರಾತ್ರಿ ಎಲ್ಲರೂ ಎದ್ದು ಹೋದ ಮೇಲೆ ಒಬ್ಬರೊಡನೆ ಹೇಳುತ್ತಾರೆ.

ಅವರೆಲ್ಲ ದೊಡ್ಡ ಕಂಪನಿಯ ಕ್ವಾರ್ಟರ್ಸ್ ಮಕ್ಕಳು, ನನ್ನ ಅಪ್ಪ ಚಾಲಕ. ಆಗ ಗೊತ್ತಾಗಿರಲಿಲ್ಲ, ಈಗ ಗೊತ್ತಾಗುತ್ತದೆ. ಹೋಗಬೇಕೇ?

ಒಂದೇ ಸಮವಸ್ತ್ರ, ಒಂದೇ ಬಸ್ಸು. ಆದರೆ ಒಬ್ಬರ ಮನೆ ಸಮುದ್ರಕ್ಕೆ ಮುಖ, ಇನ್ನೊಬ್ಬರದು ಎರಡು ಸಂಸಾರ ಹಂಚಿಕೊಂಡ ಫ್ಲ್ಯಾಟು. ಹುಟ್ಟುಹಬ್ಬಕ್ಕೆ ಯಾರು ಯಾರ ಮನೆಗೆ ಹೋಗುತ್ತಿದ್ದರು, ಯಾರು ಯಾರನ್ನೂ ಕರೆಯುತ್ತಿರಲಿಲ್ಲ ಎಂದು ಯೋಚಿಸಿದರೆ ಈಗ ಎಲ್ಲವೂ ಬಿಡಿಸಿಕೊಳ್ಳುತ್ತದೆ. ಮರಳಿ ಬಂದ ನಂತರ ಅಂತರ ಇನ್ನೂ ಹಿಗ್ಗಿತು: ಉಳಿತಾಯ ಭಾರತದಲ್ಲಿ ಇಟ್ಟವರು ಚೇತರಿಸಿಕೊಂಡರು, ಅಲ್ಲಿಯ ಬ್ಯಾಂಕಿನಲ್ಲಿ ಇಟ್ಟವರು ಬಹುಕಾಲ ಒದ್ದಾಡಿದರು. ಇದನ್ನು ಮುಚ್ಚಿಡಬೇಕೆಂದು ನನಗನಿಸುವುದಿಲ್ಲ. ನಮ್ಮಲ್ಲಿ ಒಬ್ಬ ಈಗ ರಿಕ್ಷಾ ಇಟ್ಟುಕೊಂಡಿದ್ದಾನೆ, ಮೊದಲ ಕೂಟಕ್ಕೆ ‘ಬಾಡಿಗೆ ಇದೆ’ ಎಂದು ಬರಲಿಲ್ಲ. ಎರಡನೆಯದಕ್ಕೆ ನಾವು ಮೂವರು ಅವನ ರಿಕ್ಷಾದಲ್ಲೇ ಹೋದೆವು, ಮೀಟರಿನಷ್ಟೇ ತೆಗೆದುಕೊಂಡ. ನೀವು ಹೋಗಿ ನೋಡಿ. ಒಂದು ಸಂಜೆ ಕುಳಿತು ಸರಿ ಕಾಣದಿದ್ದರೆ ಎದ್ದು ಬನ್ನಿ.

ನನ್ನನ್ನು ದಿನವೂ ಗೋಳು ಹೊಯ್ದುಕೊಂಡವನೇ ಈಗ ಗುಂಪಿನ ಯಜಮಾನ. ಕ್ಷಮಿಸಲೇಬೇಕೇ?

ಬೇಡ. ಗುಂಪಿಗೆ ಸೇರದೆಯೇ ಬೇಕಾದ ನಾಲ್ವರನ್ನು ಬೇರೆಯಾಗಿ ಕಾಣಬಹುದು. ಅವನೇ ಬಂದು ಮಾತೆತ್ತಿದರೆ ಆಗ ಯೋಚಿಸಿ.

ಪಾಕಿಸ್ತಾನದ ಒಬ್ಬಳು ನನ್ನ ಜೀವದ ಗೆಳತಿಯಾಗಿದ್ದಳು. ಹುಡುಕಿದರೆ ತೊಂದರೆಯಾಗುತ್ತದೆಯೇ?

ಅಲ್ಲಿ ಭಾರತ, ಪಾಕಿಸ್ತಾನದ ಸಂಸಾರಗಳು ಒಂದೇ ಮಹಡಿಯಲ್ಲಿ ವಾಸಿಸುತ್ತಿದ್ದವು; ಕ್ರಿಕೆಟ್ ಪಂದ್ಯದ ದಿನ ಬಿಟ್ಟರೆ ಬೇರೆ ಗಡಿ ಇರಲಿಲ್ಲ. ಈಗ ಇಲ್ಲಿಗೆ ಅವರು, ಅಲ್ಲಿಗೆ ನೀವು ಹೋಗುವ ಮಾತು ಬಿಡಿ. ಭೇಟಿ ಎಂದರೆ ಮೂರನೆಯ ದೇಶವೇ. ಹುಡುಕುವುದು, ಬರೆಯುವುದು ಖಾಸಗಿಯಾಗಿಯೇ ಇರಲಿ, ಫೋಟೊ ಎಲ್ಲೂ ಹಾಕಬೇಡಿ. ನಿಮಗಿಂತ ಅವಳಿಗೆ ತೊಂದರೆಯಾಗುವ ಸಾಧ್ಯತೆಯನ್ನೂ ನೆನೆಯಿರಿ. ಪ್ಯಾಲೆಸ್ತೀನಿನ ನೆರೆಯವರನ್ನು ಹುಡುಕುವವರೂ ಇದ್ದಾರೆ. ಅದು ಇನ್ನೂ ಕಷ್ಟ. 1990–91ರ ನಡುವೆ ಮೂರು ಲಕ್ಷಕ್ಕೂ ಹೆಚ್ಚು ಪ್ಯಾಲೆಸ್ತೀನಿಯರು ಕುವೈತ್ ತೊರೆಯಬೇಕಾಯಿತು, ಬಹಳ ಮಂದಿ ಜೋರ್ಡಾನಿನಲ್ಲಿ ನೆಲೆಸಿದರು.

ಶಾಲೆಯನ್ನು ಒಮ್ಮೆ ನೋಡಬೇಕು. ಎಲ್ಲರೂ ಕುವೈತ್‌ಗೇ ಹೋಗೋಣವೇ?

ಹೋಗಬಹುದು, ನಾನು 2018ರಲ್ಲಿ ಹೋಗಿದ್ದೆ. ವೀಸಾ ನಿಯಮ ಆಗಾಗ ಬದಲಾಗುವುದರಿಂದ ಟಿಕೆಟ್ ಕೊಳ್ಳುವ ಮೊದಲು ರಾಯಭಾರ ಕಚೇರಿಯ ಮಾಹಿತಿ ನೋಡಿ. ನವೆಂಬರ್‌ನಿಂದ ಮಾರ್ಚ್ ಒಳಗೆ ಹೋಗಿ. 2016ರ ಜುಲೈಯಲ್ಲಿ ಅಲ್ಲಿನ ಮಿತ್ರಿಬಾದಲ್ಲಿ 53.9 ಡಿಗ್ರಿ ದಾಖಲಾಗಿದೆ, ಬಾಲ್ಯದಲ್ಲಿ ಅದನ್ನು ಹೇಗೆ ತಡೆದೆವೋ ದೇವರೇ ಬಲ್ಲ. ಶಾಲೆಗೆ ಮೊದಲೇ ಬರೆದು ಅನುಮತಿ ಪಡೆಯಿರಿ. ಗೇಟಿನ ಬಳಿ ಮೊಬೈಲ್ ಎತ್ತಿ ಮಕ್ಕಳ ಚಿತ್ರ ತೆಗೆಯಬೇಡಿ. ಸರಕಾರಿ ಕಟ್ಟಡ, ತೈಲ ಘಟಕಗಳ ಕಡೆಗಂತೂ ಕ್ಯಾಮೆರಾ ತಿರುಗಿಸಲೇಬೇಡಿ.

ನಾವಿದ್ದ ಕಟ್ಟಡ ಇರಲಿಲ್ಲ, ಅಲ್ಲೊಂದು ಕಾರು ನಿಲುಗಡೆ. 1979ರಲ್ಲಿ ತೆರೆದ, 187 ಮೀಟರ್ ಎತ್ತರದ ಕುವೈತ್ ಟವರ್ ಇತ್ತು, ಅದರ ನೀಲಿ ಬಿಲ್ಲೆಗಳು ಹೊಳೆಯುತ್ತಿದ್ದವು, ಆದರೆ ಅದು ಎಲ್ಲ ಪೋಸ್ಟ್‌ಕಾರ್ಡಿನಲ್ಲೂ ಇರುವಂಥದ್ದು. ಎದೆ ಹಿಡಿದುಕೊಂಡದ್ದು ಬೇರೆಲ್ಲೋ: ಸಂಜೆ ಒಂದು ಬಕಾಲಾದ ಮುಂದೆ ಹಾದುಹೋಗುವಾಗ ಒದ್ದೆ ಧೂಳು, ಏಲಕ್ಕಿ, ಎ.ಸಿ.ಯಿಂದ ತೊಟ್ಟಿಕ್ಕುವ ನೀರು ಎಲ್ಲ ಸೇರಿದ ಒಂದು ವಾಸನೆ. ಗುಂಪಿಗೆ ಅದನ್ನು ಹೇಗೆ ವಿವರಿಸುವುದೆಂದು ತಿಳಿಯದೆ ‘ಬಕಾಲಾ ವಾಸನೆ’ ಎಂದಷ್ಟೇ ಬರೆದೆ. ಐದು ದೇಶಗಳಿಂದ ಒಟ್ಟಿಗೇ ಉತ್ತರ ಬಂತು.

ಹುಡುಕುತ್ತಾ ಹೋದಾಗ ಗೆಳೆಯ ತೀರಿಕೊಂಡಿದ್ದಾನೆ ಎಂದು ತಿಳಿಯಿತು. ಮನೆಯವರಿಗೆ ಬರೆಯಬಹುದೇ?

ಬರೆಯಿರಿ. ತಾಯಿತಂದೆ ಇದ್ದರೆ ಅವರಿಗೇ ಬರೆಯಿರಿ, ಸಾಧ್ಯವಾದರೆ ಕೈಬರಹದಲ್ಲಿ. ನಾವು ಹುಡುಕಿದ ಒಬ್ಬ 2004ರಲ್ಲೇ ಇಲ್ಲವಾಗಿದ್ದ. ಅವನ ಬಾಲ್ಯದ ಫೋಟೊಗಳೆಲ್ಲ ಕುವೈತ್‌ನ ಮನೆಯಲ್ಲೇ ಉಳಿದಿದ್ದವು. ಅವನ ತಾಯಿಯ ಬಳಿ ಹದಿಮೂರು ವರ್ಷಕ್ಕಿಂತ ಚಿಕ್ಕವನ ಒಂದು ಮುಖವೂ ಇರಲಿಲ್ಲ. ನಮ್ಮ ನಮ್ಮ ಆಲ್ಬಮ್‌ಗಳಿಂದ ಅವನಿರುವ ಒಂಬತ್ತು ಚಿತ್ರಗಳು ಸಿಕ್ಕವು. ಕೊಟ್ಟು ಬಂದೆವು.

ಕೂಟವಾಗಿ ಆರು ತಿಂಗಳಾಯಿತು, ಗುಂಪಿನಲ್ಲಿ ಈಗ ಯಾರೂ ಮಾತಾಡುವುದಿಲ್ಲ. ಶುಭೋದಯದ ಚಿತ್ರಗಳು ಮಾತ್ರ. ಏನು ಮಾಡಲಿ?

ಏನೂ ಮಾಡಬೇಡಿ. ಶುಭೋದಯ ಕಳುಹಿಸುವವರನ್ನು ಬೈಯಬೇಡಿ, ಅವರು ಇದ್ದಾರೆ ಎಂದಷ್ಟೇ ಅದರ ಅರ್ಥ. ನಮ್ಮ ಗುಂಪು ಕಳೆದ ಮಾರ್ಚ್‌ನಿಂದ ಸುಮ್ಮನಿತ್ತು. ಮೊನ್ನೆ ರಾತ್ರಿ ಹನ್ನೊಂದಕ್ಕೆ ಸಿಡ್ನಿಯವಳು ಒಂದೇ ಸಾಲು ಹಾಕಿದಳು: ‘ನಮ್ಮ ಬಸ್ಸಿನ ನಂಬರು ಹದಿನಾಲ್ಕೋ ಹದಿನೇಳೋ?’ ಬೆಳಗಾಗುವಷ್ಟರಲ್ಲಿ ನೂರಾ ಹನ್ನೆರಡು ಸಂದೇಶಗಳು. ಹದಿನಾಲ್ಕು ಎಂದು ನಾನು ಈಗಲೂ ಹೇಳುತ್ತೇನೆ.